ಹಕ್ಕಿ ನೋಡುವವರ ಐದು ನಿಮಿಷ

ಲಕ್ಷ್ಮೇಶ್ವರ
10 ಡಿಸೆಂಬರ್ 2024

ಚಿರಂಜೀವಿ ಮಗಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಭಾನುವಾರ ರಾತ್ರಿ ನೀನು ಮಾತು ಮುಗಿಸುವ ಮೊದಲೇ ನಾನು ಫೋನ್ ಇಟ್ಟುಬಿಟ್ಟೆ. ಹಾಗೆ ಮಾಡಬಾರದಿತ್ತು. ಅಂದಿನಿಂದ ನಿನ್ನ ಅವ್ವ ಊಟಕ್ಕೆ ಕರೆಯುವುದನ್ನು ಬಿಟ್ಟರೆ ನನ್ನೊಡನೆ ಬೇರೆ ಮಾತಾಡಿಲ್ಲ, ಆಕೆಯ ಸಿಟ್ಟು ನ್ಯಾಯವಾದದ್ದೇ. ಫೋನಿನಲ್ಲಿ ನನಗೆ ಮೊದಲು ಕೋಪ ಬರುತ್ತದೆ, ಮಾತು ಆಮೇಲೆ ಬರುತ್ತದೆ. ಆದ್ದರಿಂದ ಕಾಗದದ ಮೇಲೆ ಬರೆಯುತ್ತಿದ್ದೇನೆ. ಇದರ ಫೋಟೊವನ್ನು ಅವ್ವ ಇವತ್ತೇ ಕಳಿಸುತ್ತಾಳೆ, ಕಾಗದ ಪಾರ್ಸೆಲ್ಲಿನ ಜೊತೆ ಬರುತ್ತದೆ.

ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವನು ಜನವರಿಯಲ್ಲಿ ಅಮೆರಿಕದ ಮಿನ್ನೆಸೋಟದ ಹಿಮದಲ್ಲಿ ಹಕ್ಕಿ ನೋಡುತ್ತ ನಿಲ್ಲುವುದು ಬೇಡವೆಂದು ಡಾಕ್ಟರು ಹೇಳಿದ ಮೇಲೆ ವಾದಿಸುವುದಕ್ಕೇನೂ ಉಳಿದಿರಲಿಲ್ಲ. ಟಿಕೆಟ್ ರದ್ದಾದ ದುಃಖವನ್ನು ನಾನು ಎರಡು ದಿನದಲ್ಲಿ ನುಂಗಿಕೊಂಡಿದ್ದೆ. ಆದರೆ ನೀನು, "ನೀವು ಬರದಿದ್ರ ಏನಾತಪ್ಪಾ, ನಾ ಒಬ್ಬಾಕಿನ ಹೋಗಿ ನಿಮಗ ವಿಡಿಯೊ ತೋರಸ್ತೀನಿ" ಎಂದೆಯಲ್ಲ, ಆ 'ಒಬ್ಬಾಕಿ' ಎಂಬ ಮಾತನ್ನು ನುಂಗಿಕೊಳ್ಳಲು ಆಗಲಿಲ್ಲ. ಯಾಕೆ ಆಗಲಿಲ್ಲವೆಂಬುದು ನಿನಗೆ ಗೊತ್ತು. ನಮ್ಮೂರ ಹತ್ತಿರದ ಮಾಗಡಿ ಕೆರೆಯ ಏರಿಯ ಮೇಲೆ ಆ ಬೆಳಿಗ್ಗೆ ನಡೆದದ್ದನ್ನು ನಾನು ಮತ್ತೆ ಹೇಳುವುದಿಲ್ಲ.

ಹೋಗಬೇಡ ಎನ್ನುವುದಕ್ಕೆ ಈ ಪತ್ರವಲ್ಲ. ಹೋಗು. ಒಂದು ವರ್ಷದಿಂದ ನಕ್ಷೆ ಹರಡಿಕೊಂಡು ಕೂತು, ಹಕ್ಕಿ ಕಂಡ ದಾಖಲೆಗಳ ಜಾಲತಾಣ ಇಬರ್ಡ್‌ನಲ್ಲಿ ಜನ ಹಾಕುವ ಪಟ್ಟಿಗಳನ್ನು ಓದಿ ಓದಿ, ಕಾಣದ ಆ ಜೌಗು ಕಾಡಿನ ರಸ್ತೆಗಳೆಲ್ಲ ನನಗೆ ಲಕ್ಷ್ಮೇಶ್ವರದ ಓಣಿಗಳಷ್ಟೇ ಪರಿಚಿತವಾಗಿವೆ. ನನ್ನ ಟಿಪ್ಪಣಿ ಪುಸ್ತಕ ಇನ್ನು ನಿನಗೇ ಬರಬೇಕಾದದ್ದು, ಅದರ ಸಾರವನ್ನಾದರೂ ಬರೆಯುತ್ತೇನೆ.

ಡುಲೂತ್‌ನಿಂದ 53ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗಿ, ಕಾಟನ್ ಎಂಬ ಊರಿನಲ್ಲಿ ಪಶ್ಚಿಮಕ್ಕೆ ತಿರುಗಿ ಆರ್ಕೋಲಾ ರೋಡ್ ಸೇರಬೇಕು. ಒಂದು ಗಂಟೆಯ ದಾರಿ. ಸ್ಯಾಕ್ಸ್ ಮತ್ತು ಝಿಮ್ ಎಂಬ ಎರಡು ಪುಟ್ಟ ಊರುಗಳ ಹೆಸರು ಹೊತ್ತ ಸ್ಯಾಕ್ಸ್-ಝಿಮ್ ಬಾಗ್ ಎಂಬ ಈ ಜೌಗು ಪ್ರದೇಶ ಸುಮಾರು 300 ಚದರ ಮೈಲಿ ಹರಡಿದೆ, ಆದ್ದರಿಂದ ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿಬಿಡುವ ಆಸೆ ಬೇಡ. ಮೊದಲು ಔಲ್ ಅವೆನ್ಯೂದಲ್ಲಿರುವ ಸ್ವಾಗತ ಕೇಂದ್ರಕ್ಕೆ ಹೋಗಿ, ಆ ವಾರ ಎಲ್ಲಿ ಏನು ಕಂಡಿದೆಯೆಂದು ಕೇಳಿ, ನಕ್ಷೆ ತೆಗೆದುಕೊ, ಅವರ ಪುಸ್ತಕದಲ್ಲಿ ಹೆಸರು ಬರೆ. ನೀನು ಬಂದಿದ್ದೆಯೆಂದು ಯಾರಿಗಾದರೂ ಗೊತ್ತಿರಲಿ. ಆಡ್ಮಿರಲ್ ರೋಡಿನಲ್ಲಿ ಹಕ್ಕಿಗಳಿಗೆ ತಿಂಡಿ ಇಡುವ ಫೀಡರ್‌ಗಳಲ್ಲಿ ಕೊಂಬೆಗಳಿಗೆ ಶೇಂಗಾ ಬೆಣ್ಣೆ ಬಳಿದಿರುತ್ತಾರೆ. ಬೋರಿಯಲ್ ಚಿಕಡೀ ಎಂಬ ಪುಟ್ಟ ಹಕ್ಕಿ ಕಾಣುವುದಿದ್ದರೆ ಅಲ್ಲೇ ಕಾಣಬೇಕು. ಕಪ್ಪು ಟೊಪ್ಪಿಗೆಯ ಚಿಕಡೀಗಳ ಗುಂಪಿನಲ್ಲಿ ಕಂದು ಟೊಪ್ಪಿಗೆಯದೊಂದು ಬಂದು ಒಂದು ಚೂರು ಕಿತ್ತುಕೊಂಡು ಹಾರಿಹೋಗುತ್ತದೆ, ಕಣ್ಣು ಮಿಟುಕಿಸಿದರೆ ಹೋಯಿತು. ಈವ್ನಿಂಗ್ ಗ್ರೋಸ್‌ಬೀಕ್ ನೋಡಬೇಕಾದರೆ ಹೆಸರನ್ನು ನಂಬಿ ಸಂಜೆ ಹೋಗಬೇಡ. ಫೀಡರ್‌ಗೆ ಬೆಳಿಗ್ಗೆ ಬಂದು ಹೊಟ್ಟೆ ತುಂಬಿಸಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ಅವುಗಳ ಸುಳಿವಿರುವುದಿಲ್ಲ.

ಇನ್ನು ಗ್ರೇಟ್ ಗ್ರೇ ಔಲ್, ಅಂದರೆ ದೊಡ್ಡ ಬೂದು ಗೂಬೆ. ಮ್ಯಾಕ್‌ಡೇವಿಟ್ ರೋಡಿನಂಥ ಕಾಡಿನ ರಸ್ತೆಗಳಲ್ಲಿ, ಬೆಳಕು ಹರಿಯುವಾಗ ಮತ್ತು ಮುಳುಗುವ ಮುನ್ನಿನ ಒಂದು ಗಂಟೆಯಲ್ಲಿ ನಿಧಾನವಾಗಿ ಕಾರು ಓಡಿಸುತ್ತ ಟಮರ‍್ಯಾಕ್ ಮರಗಳ ತುದಿಗಳನ್ನು ನೋಡುತ್ತ ಹೋಗಬೇಕು. ಟಮರ‍್ಯಾಕ್ ಸೂಜಿ ಎಲೆಯ ಮರವಾದರೂ ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ, ಆ ಬೂದು ಬಣ್ಣದಲ್ಲಿ ಗೂಬೆಯ ಬೂದು ಬಣ್ಣ ಸೇರಿಹೋಗುತ್ತದೆ. ಕಳೆದ ಫೆಬ್ರವರಿಯಲ್ಲಿ ಗೆಳತಿಯರ ಜೊತೆ ಹೋದಾಗ ನೀನು ಕಳಿಸಿದ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ತಟ್ಟೆಯಂಥ ಆ ದುಂಡು ಮುಖ ಒಂದು ಕಡೆ ತಿರುಗಿ ನಿಂತು, ಅಷ್ಟಿಷ್ಟೇ ಬಾಗಿ, ನಾವು ಕಾಣದ ಯಾವುದನ್ನೋ ಕೇಳಿಸಿಕೊಳ್ಳುತ್ತದೆ. ಹಣೆಯ ಮೇಲೆ ಕೂತ ಹಿಮದ ಹರಳು ಕರಗದೆ ಹಾಗೇ ಇದೆ. ಆಮೇಲೆ ಸದ್ದಿಲ್ಲದೆ ಹಾರಿ, ಕಾಲು ಮುಂದೆ ಚಾಚಿ ಹಿಮದೊಳಗೆ ಬಿದ್ದು, ಇಲಿಯನ್ನು ಹಿಡಿದುಕೊಂಡು ಏಳುತ್ತದೆ. ಒಂದು ಮೊಳ ಹಿಮದ ಕೆಳಗೆ ಇಲಿ ಓಡಾಡುವ ಸಪ್ಪಳ ಅದಕ್ಕೆ ಕೇಳಿಸುತ್ತದೆ. ನೋಡಲು ಅಷ್ಟು ದೊಡ್ಡದಾಗಿದ್ದರೂ ತೂಕ ಒಂದು ಕಿಲೋದ ಆಸುಪಾಸು, ಉಳಿದದ್ದೆಲ್ಲ ಪುಕ್ಕ. ಆ ಗೂಬೆಯನ್ನು ಗುಂಪಿನಲ್ಲಿ ಮೊದಲು ಕಂಡವಳು ನೀನೇ ಎಂದು ನಿನ್ನ ಗೆಳತಿ ಹೇಳಿದಾಗ ನನಗಾದ ಹೆಮ್ಮೆಯನ್ನು ನಾನು ಇದುವರೆಗೆ ನಿನಗೆ ಹೇಳಿರಲಿಲ್ಲ. ಅಂದು "ಝೂಮ್ ಇನ್ನಷ್ಟು ಮಾಡಬೇಕಿತ್ತು" ಎಂದಷ್ಟೇ ಹೇಳಿದೆ. ತಪ್ಪಾಯಿತು.

ಆ ಕಣ್ಣು ನಿನಗೆ ಬಂದದ್ದು ನನ್ನಿಂದ. ಅದಕ್ಕೇ ನನಗೆ ಭಯ. ಹಕ್ಕಿಯೊಂದು ಕಂಡಾಗ ನನ್ನೊಳಗೆ ಏನಾಗುತ್ತದೆಯೆಂದು ನನಗೆ ಗೊತ್ತು, ಆದ್ದರಿಂದ ನಿನ್ನೊಳಗೆ ಏನಾಗುತ್ತದೆಯೆಂಬುದೂ ಗೊತ್ತು. ಮಾಗಡಿಯಲ್ಲಿ ಅಂದು ನಾನು ನಿನಗೆ ಐದು ನಿಮಿಷ ಎಂದಿದ್ದೆ. ನೀನು ಒಂಬತ್ತು ವರ್ಷದ ಹುಡುಗಿ, ನನ್ನ ಮಾತನ್ನು ನಂಬಿ ಏರಿಯ ಮೇಲೆ ಕೂತೆ. ಪಟ್ಟೆ ತಲೆಯ ಹೆಬ್ಬಾತುಗಳು ರಾತ್ರಿಯೆಲ್ಲ ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳುತ್ತಿದ್ದವು, ಅವುಗಳಲ್ಲಿ ಒಂದರ ಕೊರಳಲ್ಲಿ ಪಟ್ಟಿಯಿತ್ತು. ಮಂಗೋಲಿಯದಲ್ಲಿ ವಿಜ್ಞಾನಿಗಳು ತೊಡಿಸುವ ಅಂಥ ಪಟ್ಟಿಯ ಅಕ್ಷರಗಳನ್ನು ಓದಿ ತಿಳಿಸಿದರೆ ಆ ಹಕ್ಕಿ ಎಲ್ಲಿಂದ ಹೊರಟದ್ದೆಂದು ಗೊತ್ತಾಗುತ್ತದೆ. ಇನ್ನು ಹತ್ತು ಹೆಜ್ಜೆ ಹೋದರೆ ಓದಬಹುದೆಂದು ಹೋದೆ, ಆಮೇಲೆ ಇನ್ನೂ ಹತ್ತು. ನಾನು ಹಿಂತಿರುಗಿದಾಗ ಕೈಗಡಿಯಾರದಲ್ಲಿ ನಲವತ್ತು ನಿಮಿಷ ಕಳೆದಿತ್ತು. ಇದನ್ನು ನಿನಗೆ ಎಂದೂ ಹೇಳಿಲ್ಲ. ಹತ್ತು ನಿಮಿಷ ತಡವಾಯಿತೆಂದು ನಿನ್ನ ಅವ್ವನ ಮುಂದೆಯೂ ಹೇಳಿದ್ದೆ.

ಹಾಗಾಗಿ ಮಗಳೇ, ಅಲ್ಲಿ ಕಾರಿನಿಂದ ಇಳಿಯುವ ಮೊದಲು ಗಡಿಯಾರ ನೋಡು. ಫೋನಿನಲ್ಲಿ ಹತ್ತು ನಿಮಿಷಕ್ಕೆ ಅಲಾರಾಂ ಇಡು, ಮತ್ತು ಆ ಫೋನನ್ನು ಅಂಗಿಯ ಒಳಗೆ ಮೈಗೆ ತಾಗುವಂತೆ ಇಟ್ಟುಕೊ, ಹೊರಗಿನ ಜೇಬಿನಲ್ಲಿದ್ದರೆ ಚಳಿಗೆ ಬ್ಯಾಟರಿ ಸತ್ತುಹೋಗುತ್ತದೆ. ಮೈನಸ್ ಮೂವತ್ತರಲ್ಲಿ ಬರಿಗೈಯಿಂದ ದುರ್ಬೀನು ಹಿಡಿದು ನಿಲ್ಲುವ ನಲವತ್ತು ನಿಮಿಷ, ಮಾಗಡಿಯ ನಲವತ್ತು ನಿಮಿಷವಲ್ಲ. ನೀನು ಹೋಗುವ ಅದೇ ಸೇಂಟ್ ಲೂಯಿಸ್ ಕೌಂಟಿಯ ಟವರ್ ಎಂಬ ಊರಿನಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅದು ಮಿನ್ನೆಸೋಟದ ದಾಖಲೆ, ದಿನನಿತ್ಯದ ಮಾತಲ್ಲ ಎಂದು ನೀನು ಹೇಳುತ್ತೀಯ. ಅದು ನನಗೂ ಗೊತ್ತು, ಆದರೂ ಆ ಸಂಖ್ಯೆ ರಾತ್ರಿ ಎರಡು ಗಂಟೆಗೆ ಎಚ್ಚರಾದಾಗ ತಾನಾಗಿಯೇ ನೆನಪಾಗುತ್ತದೆ.

ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಬಾರದು. ಆ ಒಳರಸ್ತೆಗಳ ಬದಿಯಲ್ಲಿ ಆಳವಾದ ಕಾಲುವೆಗಳಿವೆ, ಹಿಮ ತುಂಬಿದಾಗ ಅವು ರಸ್ತೆಯಂತೆಯೇ ಸಮತಟ್ಟಾಗಿ ಕಾಣುತ್ತವೆ. ಆದ್ದರಿಂದ ಗೂಬೆ ಕಂಡಿತೆಂದು ಒಮ್ಮೆಲೇ ಅಂಚಿಗೆ ಎಳೆಯಬೇಡ. ಕಾರು ಸಿಕ್ಕಿಕೊಂಡರೆ ಇಳಿದು ನಡೆಯಲು ಹೋಗದೆ ಒಳಗೇ ಕೂತಿರು. ಎಂಜಿನ್ ಚಾಲೂ ಮಾಡುವ ಮೊದಲು ಸೈಲೆನ್ಸರಿನ ಬಾಯಿ ಹಿಮದಲ್ಲಿ ಮುಚ್ಚಿದೆಯೋ ನೋಡು, ಮುಚ್ಚಿದ್ದರೆ ವಿಷಾನಿಲ ಕಾರಿನೊಳಗೆ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ. ಸಲಿಕೆ, ಮೇಣದಬತ್ತಿ, ಕಡ್ಡಿಪೆಟ್ಟಿಗೆ, ಒಣ ಕಾಲುಚೀಲ, ಶೇಂಗಾ ಚಿಕ್ಕಿ ಹಿಂದಿನ ಸೀಟಿನಲ್ಲಿರಲಿ, ಡಿಕ್ಕಿಯಲ್ಲಿ ಬೇಡ. ಡಿಕ್ಕಿಯ ಬಾಗಿಲು ಹೆಪ್ಪುಗಟ್ಟಿದರೆ ತೆರೆಯುವುದಿಲ್ಲ. ಜನವರಿಯ ನಡುವೆ ಅಲ್ಲಿ ಸೂರ್ಯ ಹುಟ್ಟುವುದೇ ಏಳೂಮುಕ್ಕಾಲಿಗೆ, ಮುಳುಗುವುದು ಐದಕ್ಕೂ ಮೊದಲು. ಆ ಹೊತ್ತಿಗೆ ನೀನು ಹೆದ್ದಾರಿಯ ಮೇಲಿರಬೇಕು. ಗೂಬೆ ಕೂತಿದ್ದರೂ ಹೊರಟುಬರಬೇಕು. ತರಗತಿಯಲ್ಲಿ ಪಾಠ ಮಾಡಿದಂತೆ ಬರೆಯುತ್ತಿದ್ದೇನೆಂದು ನನಗೆ ತಿಳಿಯುತ್ತಿದೆ, ಆದರೂ ಒಂದನ್ನೂ ಹೊಡೆದುಹಾಕಲಾರೆ.

ಗೂಬೆಗೆ ಇಲಿ ಎಸೆದು ಕರೆಸಿ ಫೋಟೊ ತೆಗೆಯುವವರು ಸಿಕ್ಕರೆ ಅವರ ಜೊತೆ ನಿಲ್ಲಬೇಡ. ರಸ್ತೆಯ ಬದಿಗೆ ಬರುವುದನ್ನು ಕಲಿತ ಗೂಬೆ ಕಾರಿಗೆ ಸಿಕ್ಕಿ ಸಾಯುತ್ತದೆ. ಬೇಲಿಯಿರುವ ಕಡೆ ದಾಟಬೇಡ, ಅಲ್ಲಿಯ ಬಹಳಷ್ಟು ನೆಲ ಖಾಸಗಿಯವರದು.

ಒಬ್ಬಳೇ ಅಷ್ಟು ದೂರ ಹೋಗಲು ಮನಸ್ಸಾಗದ ದಿನ ಡುಲೂತ್ ಊರೇ ಸಾಕು. ಕೆನಾಲ್ ಪಾರ್ಕಿನ ದಂಡೆಯಲ್ಲಿ ಆರ್ಕ್‌ಟಿಕ್ ಕಡೆಯಿಂದ ಬಂದ ಬಿಳಿರೆಕ್ಕೆಯ ಗ್ಲಾಕಸ್ ಗಲ್ ಎಂಬ ಕಡಲಹಕ್ಕಿ‌ಗಳಿರುತ್ತವೆ. ಊರಿನೊಳಗೆ ಮೌಂಟನ್ ಆ್ಯಶ್ ಮರಗಳ ಕೆಂಪು ಹಣ್ಣಿಗೆ ಬೊಹೀಮಿಯನ್ ವ್ಯಾಕ್ಸ್‌ವಿಂಗ್‌ಗಳು ಹಿಂಡಾಗಿ ಇಳಿಯುತ್ತವೆ. ಸೇತುವೆ ದಾಟಿ ವಿಸ್ಕಾನ್ಸಿನ್‌ನ ಸುಪೀರಿಯರ್ ಊರಿಗೆ ಹೋದರೆ ಬಯಲು ಜಾಗಗಳಲ್ಲಿ, ವಿದ್ಯುತ್ ಕಂಬಗಳ ಮೇಲೆ ಹಿಮಗೂಬೆಯನ್ನು ಹುಡುಕಬಹುದು. ಅಲ್ಲೆಲ್ಲ ಜನರಿದ್ದಾರೆ, ಬಿಸಿ ಕಾಫಿ ಇದೆ. ನನಗೆ ಅದೇ ಹೆಚ್ಚು ಸಮಾಧಾನ, ಆದರೆ ನಿನ್ನ ಮನಸ್ಸು ಬೂದು ಗೂಬೆಯ ಕಡೆಗೇ ಎಳೆಯುತ್ತದೆಯೆಂದು ಬಲ್ಲೆ.

ಆ ಚಳಿಯಲ್ಲಿ ಹಕ್ಕಿಗಳು ಹೇಗೆ ಬದುಕುತ್ತವೆಂದು ನೀನು ಹೋದ ವರ್ಷ ನನಗೇ ಪಾಠ ಹೇಳಿದ್ದೆ. ಹನ್ನೊಂದು ಗ್ರಾಂ ತೂಗುವ ಚಿಕಡೀ ರಾತ್ರಿ ತನ್ನ ಮೈಬಿಸಿಯನ್ನು ಹತ್ತು ಡಿಗ್ರಿಯಷ್ಟು ಇಳಿಸಿಕೊಂಡು ಬೆಳಗು ಕಾಯುತ್ತದೆಂದೆ. ಕೆನಡಾ ಜೇ ತನ್ನ ಜೊಲ್ಲಿನ ಅಂಟಿನಿಂದ ಆಹಾರವನ್ನು ಉಂಡೆ ಕಟ್ಟಿ ತೊಗಟೆಯ ಸಂದಿಗೆ ಮೆತ್ತಿಡುತ್ತದೆಂದೆ. ರಫ್ಡ್ ಗ್ರೌಸ್ ಮೆತ್ತನೆಯ ಹಿಮದೊಳಗೆ ಮುಳುಗಿ ಅಲ್ಲೇ ರಾತ್ರಿ ಕಳೆಯುತ್ತದೆಂದೂ ಹೇಳಿದೆ. ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮೇಷ್ಟ್ರು, ಅಂದು ವಿದ್ಯಾರ್ಥಿಯಂತೆ ಕೇಳುತ್ತ ಕೂತಿದ್ದೆ. ಆದರೆ ನಿನಗೆ ಪುಕ್ಕವಿಲ್ಲ. ನೀನು ಚಳಿಯಾಗುತ್ತದೆ ಎಂದು ಹೇಳುವ ಹುಡುಗಿಯೂ ಅಲ್ಲ. ಅಂದೂ ಹೇಳಲಿಲ್ಲ.

ಮಾಗಡಿಯ ಮಾತನ್ನು ಬಿಟ್ಟೆನೆಂದುಕೊಂಡಿದ್ದೆ, ಬಿಡಲಾಗುತ್ತಿಲ್ಲ. ಮರಳಿ ಬಂದಾಗ ಏರಿಯ ಮೇಲೆ ನೀನಿರಲಿಲ್ಲ. ನೀರಿನ ಅಂಚಿನ ಕೆಸರಿನಲ್ಲಿ ನಿನ್ನ ಎರಡೂ ಚಪ್ಪಲಿಗಳು ಹೂತು ನಿಂತಿದ್ದವು, ಒಂದರ ಬಾರು ಕಿತ್ತುಬಂದಿತ್ತು, ಅವುಗಳ ತುದಿಗಳು ನೀರಿನ ಕಡೆಗಿದ್ದವು. ಅಪ್ಪ ಕಾಲು ಜಾರಿ ಬಿದ್ದದ್ದರಿಂದ ಬಟ್ಟೆಯೆಲ್ಲ ಒದ್ದೆಯಾಗಿತ್ತೆಂದು ನೀನು ಇಂದಿಗೂ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತೀಯಲ್ಲ, ನಾನು ಜಾರಿರಲಿಲ್ಲ. ಆ ಚಪ್ಪಲಿಗಳನ್ನು ನೋಡಿ ಎದೆಮಟ್ಟದ ತನಕ ಕೆರೆಯೊಳಗೆ ಹೋಗಿದ್ದೆ, ನೀರಿನಡಿಯಲ್ಲಿ ಕೈಯಾಡಿಸಿ ಹುಡುಕುತ್ತಿದ್ದೆ. ಹೆಬ್ಬಾತುಗಳೆಲ್ಲ ಒಮ್ಮೆಗೇ ಎದ್ದು ಹಾರಿದವು, ಆ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಆಚೆ ಹೊಲದಲ್ಲಿ ಹೊಗೆ ಕಂಡದ್ದು ಎಷ್ಟೋ ಹೊತ್ತಿನ ಮೇಲೆ. ಕುರಿ ಕಾಯುವ ಆ ಹಿರಿಯ ತನ್ನ ಕಂಬಳಿಯನ್ನು ನಿನಗೆ ಹೊದಿಸಿ ಬೆಂಕಿಯ ಪಕ್ಕ ಕೂರಿಸಿಕೊಂಡಿದ್ದ. "ಕೂಸು ನಡಗತಿತ್ತರೀ ಮಾಸ್ತರ" ಎಂದಷ್ಟೇ ಹೇಳಿದ, ನನ್ನನ್ನು ಬೈಯಲಿಲ್ಲ. ನೀನು ನನ್ನನ್ನು ನೋಡಿ ಕೇಳಿದ ಮೊದಲ ಮಾತು, ಪಟ್ಟಿಯ ಮೇಲೆ ಏನು ಬರೆದಿತ್ತು ಎಂದು. ನಾನು ಓದಲಾಗಲಿಲ್ಲವೆಂದೆ. ಅದೂ ಸುಳ್ಳು. ಓದಿದ್ದೆ, ಆದರೆ ಆ ಅಕ್ಷರಗಳನ್ನು ಎಲ್ಲಿಯೂ ಬರೆದಿಡಲಿಲ್ಲ, ಯಾರಿಗೂ ಕಳಿಸಲಿಲ್ಲ. ನೀರಿನಲ್ಲಿ ನಿಂತಾಗಲೇ ಅವು ಮರೆತುಹೋದವು.

ಕ್ಷಮಿಸು ಎಂದು ಇಷ್ಟು ವರ್ಷದ ಮೇಲೆ ಕೇಳುತ್ತಿದ್ದೇನೆ. ಭಾನುವಾರದ ಸಿಟ್ಟಿಗೂ ಸೇರಿಸಿ ಕೇಳುತ್ತಿದ್ದೇನೆ.

ಈ ವರ್ಷವೂ ಹೆಬ್ಬಾತುಗಳು ಬಂದಿವೆಯಂತೆ. ನಮ್ಮ ಮಾಗಡಿ ಕೆರೆ ಈ ಜನವರಿಯಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದರಿಂದ ನೋಡಲು ಬರುವವರು ಹೆಚ್ಚಾಗಿದ್ದಾರೆ. ಡಾಕ್ಟರು ನಡೆಯಲು ಹೇಳಿದ್ದಾರೆ, ಆದರೆ ಏರಿ ಹತ್ತಲು ಇನ್ನೂ ಬಿಟ್ಟಿಲ್ಲ.

ನಿನ್ನೆ ಮೆಡ್ಲೇರಿಯ ಕರಿ ಕಂಬಳಿಯೊಂದನ್ನು ತರಿಸಿ ಪಾರ್ಸೆಲ್ ಮಾಡಿಸಿದ್ದೇನೆ. ತೂಕ ಜಾಸ್ತಿ, ಚುಚ್ಚುತ್ತದೆ, ಬಿಚ್ಚಿದ ಕೂಡಲೇ ಕೋಣೆಯೆಲ್ಲ ಕುರಿಯ ವಾಸನೆಯಾಗುತ್ತದೆ. ಬಿಸಿಲಿಗೆ ಹಾಕಿದರೆ ಸ್ವಲ್ಪ ಕಡಿಮೆಯಾದೀತು, ಒಗೆಯಬೇಡ. ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಡು, ಮಡಚಿ ಇಡಬೇಡ, ಕೈಗೆ ಸಿಗುವಂತೆ ಹರಡಿ ಇಡು. ಮುಟ್ಟಲು ಮೂರು ವಾರವಾದರೂ ಬೇಕೆಂದಿದ್ದಾರೆ. ಅದು ಬಂದ ಮೇಲೆ ಹೋಗು. ಹೊರಡುವಾಗ ಒಂದು ಮೆಸೇಜು, ಹೆದ್ದಾರಿಗೆ ಮರಳಿದಾಗ ಒಂದು ಮೆಸೇಜು ಹಾಕು. ಇಲ್ಲಿ ಎಷ್ಟು ಗಂಟೆಯಾಗಿದ್ದರೂ ನಾನು ಎದ್ದಿರುತ್ತೇನೆ.

ಇಂತಿ,
ನಿನ್ನ ಅಪ್ಪ