ಸಿಸ್ಟಮ್ಯಾಟಿಕ್ ರಿವ್ಯೂ ಬರೆಯುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಪರಿಶೀಲಿಸುವ ಲೇಖನ. ಅದರ ಕರಡು ಕಳಿಸುವ ಮುಂಚೆ ಒಂದು ಮಾತು. ಇಂಥ ರಿವ್ಯೂನಲ್ಲಿ ಏನೇನು ವರದಿ ಮಾಡಬೇಕು ಎಂದು ಹೇಳುವ ಮಾರ್ಗಸೂಚಿ ಪ್ರಿಸ್ಮಾ. ಅದರ 2020ರ ಚೆಕ್‌ಲಿಸ್ಟನ್ನೇ ಬಳಸಿ. 2009ರದ್ದು ಹಳೆಯದಾಯಿತು. ಎರಡರಲ್ಲೂ 27 ಅಂಶಗಳೇ ಇರುವುದರಿಂದ ಅದಲುಬದಲಾಗುವುದು ಸುಲಭ, ನೋಡಿಕೊಳ್ಳಿ.

ಜಾಸ್ತಿ ಗಮನ ಬೇಕಾದದ್ದು ಹುಡುಕಾಟದ ಭಾಗಕ್ಕೆ. ಮೊದಲು ಸಂಶೋಧನಾ ಲೇಖನಗಳ ಒಂದು ಡೇಟಾಬೇಸ್‌ನ ಪೂರ್ತಿ ಹುಡುಕಾಟ (ಯಾವ ಪದ ಹಾಕಿ ಹೇಗೆ ಹುಡುಕಿದಿರಿ ಎಂಬುದು) ಕೊಟ್ಟರೆ ಸಾಕಿತ್ತು. ಈಗ ಪಬ್‌ಮೆಡ್, ಎಂಬೇಸ್, ಹೀಗೆ ನೋಡಿದ ಪ್ರತಿಯೊಂದರದ್ದೂ ಬೇಕು. ಹಾಕಿದ ಫಿಲ್ಟರ್, ಕೊನೆಯ ಸಲ ಹುಡುಕಿದ ದಿನಾಂಕ ಕೂಡ. ಸುಮ್ನೆ ‘ಪಬ್‌ಮೆಡ್‌ನಲ್ಲಿ ಹುಡುಕಿದೆವು’ ಅಂದರೆ ಬೇರೆಯವರು ಅದನ್ನು ಮತ್ತೆ ಮಾಡಿ ನೋಡುವುದು ಹೇಗೆ, ಅಲ್ವಾ? ದಿನಾಂಕವನ್ನು ಅವತ್ತೇ ಬರೆದಿಡಿ. ಆಮೇಲೆ ನೆನಪಿಗೆ ಬರುವುದಿಲ್ಲ.

ಎಷ್ಟು ಲೇಖನ ಸಿಕ್ಕವು, ಎಷ್ಟು ಕೈಬಿಟ್ಟಿರಿ, ಎಷ್ಟು ಉಳಿದವು ಎಂದು ತೋರಿಸುವ ಫ್ಲೋ ಚಾರ್ಟ್‌ನ ಲೆಕ್ಕ ತಾಳೆಯಾಗಲಿ. ಪೂರ್ತಿ ಓದಿ ಕೈಬಿಟ್ಟ ಲೇಖನಗಳಿಗೆ ಕಾರಣ ಕೊಡಿ. ಕಾರಣ ಇಲ್ಲದಿದ್ದರೆ, ನಮಗೆ ಒಪ್ಪುವ ಫಲಿತಾಂಶಗಳನ್ನಷ್ಟೇ ಆರಿಸಿಕೊಂಡೆವೇನೋ ಎಂಬ ಅನುಮಾನ ಓದುವವರಿಗೆ ಬರುತ್ತದೆ. ಇಂಥ ರಿವ್ಯೂ ನಂಬಿ ವೈದ್ಯರು ಚಿಕಿತ್ಸೆ ತೀರ್ಮಾನಿಸುತ್ತಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಾಸ್ಪೆರೊ (ರಿವ್ಯೂಗಳನ್ನು ಮೊದಲೇ ದಾಖಲಿಸುವ ಆನ್‌ಲೈನ್ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಇದ್ದರೆ ಹಾಕಿ. ನಡುವೆ ಪ್ರೋಟೋಕಾಲ್ (ರಿವ್ಯೂ ಮಾಡಲು ಮೊದಲೇ ಹಾಕಿಕೊಂಡ ಯೋಜನೆ) ಬದಲಿಸಿದ್ದರೆ ಮುಚ್ಚಿಡಬೇಡಿ, ಏಕೆ ಬದಲಿಸಿದಿರಿ ಎಂದು ಬರೆಯಿರಿ.

ಕರಡಿನ ಜೊತೆ, ಪ್ರತಿ ಅಂಶ ಕರಡಿನಲ್ಲಿ ಎಲ್ಲಿದೆ ಎಂಬ ಪುಟ ಸಂಖ್ಯೆ ತುಂಬಿದ ಚೆಕ್‌ಲಿಸ್ಟನ್ನೂ ಇದೇ ಗುಂಪಿಗೆ ಕಳಿಸಿ.