ಜಿಮ್ ಮಾರ್ಷಲ್ ನೆನಪಿನ ಸಭೆ: ಏಪ್ರಿಲ್ 5

ಸದಸ್ಯರೆಲ್ಲರಿಗೂ ನಮಸ್ಕಾರ.

ಗಿಟಾರ್ ಧ್ವನಿಯನ್ನು ಹೆಚ್ಚಿಸುವ ಆಂಪ್ಲಿಫೈಯರ್‌ಗಳ ತಯಾರಕರಾದ ಜಿಮ್ (ಜೇಮ್ಸ್) ಮಾರ್ಷಲ್ ಅವರು 2012ರಲ್ಲಿ ನಿಧನರಾದ ದಿನವಾದ ಏಪ್ರಿಲ್ 5ರಂದು, ಲಂಡನ್ ಸಮಯ ಸಂಜೆ 4ಕ್ಕೆ (ಭಾರತದಲ್ಲಿ ರಾತ್ರಿ 8.30) ವೀಡಿಯೊ ಕರೆಯಲ್ಲಿ ಸೇರಲಿದ್ದೇವೆ. ಅವರನ್ನು ಲಂಡನ್‌ನ ಹ್ಯಾನ್‌ವೆಲ್‌ನಲ್ಲಿದ್ದ ಅವರ ವಾದ್ಯಗಳ ಅಂಗಡಿಯಲ್ಲಾಗಲಿ, ವಾದ್ಯಗಳ ಪ್ರದರ್ಶನದಲ್ಲಾಗಲಿ ಕಂಡು ಮಾತನಾಡಿದ ಸದಸ್ಯರು ತಪ್ಪದೆ ಬರಬೇಕೆಂದು ವಿನಂತಿ.

ಸ್ವತಃ ಡ್ರಮ್ ಗುರುಗಳಾಗಿದ್ದ ಅವರು, ಅಂಗಡಿಗೆ ಬರುತ್ತಿದ್ದ ಪೀಟ್ ಟೌನ್‌ಶೆಂಡ್, ರಿಚೀ ಬ್ಲ್ಯಾಕ್‌ಮೋರ್ ಮೊದಲಾದ ಯುವ ಗಿಟಾರ್ ವಾದಕರ ಬೇಡಿಕೆಗೆ ಕಿವಿಗೊಟ್ಟಿದ್ದರಿಂದಲೇ 1962ರಲ್ಲಿ ಮೊದಲ ಮಾರ್ಷಲ್ ಆಂಪ್ಲಿಫೈಯರ್ ರೂಪುಗೊಂಡಿತು. 1966ರಲ್ಲಿ ಅವರ ಶಿಷ್ಯ, ಡ್ರಮ್ ವಾದಕ ಮಿಚ್ ಮಿಚೆಲ್ ಮೂಲಕ ಪರಿಚಯವಾದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್, ಪುಕ್ಕಟೆಯಾಗಿ ಏನನ್ನೂ ಬೇಡದೆ, ಪೂರ್ಣ ಬೆಲೆ ಕೊಡುವುದಾಗಿ ಹೇಳಿ, ಎಲ್ಲಿ ನುಡಿಸಿದರೂ ದುರಸ್ತಿಯ ನೆರವು ಸಿಗಬೇಕೆಂದಷ್ಟೇ ಕೇಳಿದರು. ಹೆಂಡ್ರಿಕ್ಸ್ ಅವರ ಪೂರ್ಣ ಹೆಸರಿನಲ್ಲೂ ಜೇಮ್ಸ್ ಮಾರ್ಷಲ್ ಇದ್ದುದು ಸೊಗಸಾದ ಕಾಕತಾಳೀಯ. ಇಂಥ ಸಣ್ಣ ವಿವರಗಳೇ ನಮಗೆ ಬೇಕಾಗಿರುವುದು. ಮಾರ್ಷಲ್ ಅವರು ಆಡಿದ ಮಾತು, ಸಹಿ ಹಾಕಿಕೊಟ್ಟ ರೀತಿ, ಎಲ್ಲವನ್ನೂ ದಯವಿಟ್ಟು ಬರೆಯಿರಿ.

ಬರಹ ಅಥವಾ ಧ್ವನಿಮುದ್ರಣವನ್ನು ಮಾರ್ಚ್ 25ರೊಳಗೆ ಇಲ್ಲಿಯೇ ಕಳುಹಿಸಿ. ಫೋಟೊದಲ್ಲಿ ಬೇರೆಯವರಿದ್ದರೆ ಅವರ ಒಪ್ಪಿಗೆ ಪಡೆಯಿರಿ. ಬರುವವರು ಈ ಸಂದೇಶಕ್ಕೆ ‘ಬರುತ್ತೇನೆ’ ಎಂದು ಉತ್ತರಿಸಬೇಕಾಗಿ ಕೋರಿಕೆ.