ಅಂತರ್ಜಾಲ ಆಡಳಿತ: ಹೊಸಬರಿಗೆ ಒತ್ತಾಸೆ ಬೇಕು

ಮಾನ್ಯ ಸಂಪಾದಕರೇ,

ಇಂಟರ್ನೆಟ್ಟಿನ ಹೆಸರು, ವಿಳಾಸಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ 2007ರಿಂದ ಹೊಸಬರಿಗೆ ಫೆಲೋಶಿಪ್ ಕೊಟ್ಟು ತನ್ನ ಸಭೆಗಳಿಗೆ ಕರೆಸಿಕೊಳ್ಳುತ್ತಿದೆ. ಜೊತೆಗೆ ಹಳಬರೊಬ್ಬರನ್ನು ಮಾರ್ಗದರ್ಶಕರನ್ನಾಗಿ ಕೊಡುತ್ತದೆ. 2016ರಲ್ಲಿ ಅದರ ಸಭೆ ಹೈದರಾಬಾದಿನಲ್ಲೇ ನಡೆಯಿತು. ಆದರೂ ಹುಬ್ಬಳ್ಳಿ–ಧಾರವಾಡದಲ್ಲಿ ನಾನು ಕಂಡ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬಹುತೇಕರಿಗೆ ಇದರ ಸುಳಿವೇ ಇಲ್ಲ.

ಕಳೆದ ವರ್ಷ ಗದಗ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಇಂಥದೊಂದು ಆನ್‌ಲೈನ್ ಸಭೆಗೆ ಕುಳಿತಳು. ಉದ್ದಕ್ಕೂ ಸಂಕ್ಷೇಪಾಕ್ಷರಗಳದೇ ಮಳೆ. ಅವಳ ಬಳಿ ಒಳ್ಳೆಯ ಪ್ರಶ್ನೆಯಿತ್ತು: ಕನ್ನಡದ ‘ಬ’, ತೆಲುಗಿನ ‘ಬ’ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ, ವಿಳಾಸದಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನಿಟ್ಟು ಯಾರಾದರೂ ಮೋಸ ಮಾಡಿದರೆ? ತಜ್ಞರು ಕೂತು ನಿಯಮ ರೂಪಿಸಿದ ವಿಷಯವದು! ಆದರೆ ಅವಳಿಗೆ ಬಾಯಿ ತೆರೆಯುವ ಧೈರ್ಯ ಬರಲಿಲ್ಲ. ಯಾವ ಗುಂಪಿನಲ್ಲಿ, ಯಾರನ್ನು, ಯಾವಾಗ ಕೇಳಬೇಕೆಂದು ಹೇಳಿಕೊಡುವವರು ಒಬ್ಬರಿದ್ದರೂ ಸಾಕಿತ್ತು.

ಮಾರ್ಗದರ್ಶಕರಾದವರು ಹೊಸಬರು ಬರೆದ ಮೊದಲ ಅಭಿಪ್ರಾಯವನ್ನು ಪಕ್ಕದಲ್ಲಿ ಕುಳಿತು ಓದಬೇಕು, ತಿದ್ದಬೇಕು, ಯಾರೂ ಉತ್ತರಿಸದಿದ್ದರೆ ಅವರ ಪರವಾಗಿ ಬೆನ್ನುಹತ್ತಬೇಕು. ಸಭೆ ಮುಗಿದ ಮೇಲಿನ ತಿಂಗಳುಗಳಲ್ಲೇ ಈ ಕೆಲಸ ಹೆಚ್ಚು. ಮಕ್ಕಳು ಕೈಬಿಡುವುದೂ ಆಗಲೇ. ಇದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಂಥ ಸಭೆಗಳಲ್ಲಿ ಪಳಗಿದ ಕನ್ನಡಿಗರು ಬೆಂಗಳೂರಿನಲ್ಲಿದ್ದಾರೆ. ಉತ್ತರ ಕರ್ನಾಟಕದ ಒಬ್ಬಿಬ್ಬರು ವಿದ್ಯಾರ್ಥಿಗಳನ್ನಾದರೂ ಅವರು ವರ್ಷಪೂರ್ತಿ ಜೊತೆಗಿಟ್ಟುಕೊಳ್ಳಲಿ. ಇಲ್ಲಿನ ಕಾಲೇಜುಗಳು ಆ ಕೆಲಸವನ್ನು ಪ್ರಾಜೆಕ್ಟ್ ಎಂದು ಪರಿಗಣಿಸಿ ಅಂಕ ಕೊಡಲಿ. ಕನ್ನಡ ಲಿಪಿಯ ವಿಳಾಸಗಳ ಬಗ್ಗೆ ತೀರ್ಮಾನವಾಗುವಾಗ ಕನ್ನಡದಲ್ಲಿ ಓದಿ ಬೆಳೆದವರು ಅಲ್ಲಿರಲೇಬೇಕು.

– ಕಂಪ್ಯೂಟರ್ ವಿಜ್ಞಾನ ಅಧ್ಯಾಪಕಿ, ವಿದ್ಯಾನಗರ, ಹುಬ್ಬಳ್ಳಿ